ನೋಡುವ ಕಣ್ಣು ಯಾರದು?

ಶ್ರಾವಣಮಾಸದಲ್ಲಿ ಮಠದ ಪ್ರಾಂಗಣದಲ್ಲಿ ಪುರಾಣ ಹಚ್ಚಿದಾಗ, ಕೇಳಲು ಕುಳಿತ ನೂರು ಮಂದಿಯ ಒಳಗಣ್ಣಿಗೆ ನೂರು ಬಗೆಯ ಕಲ್ಯಾಣಪಟ್ಟಣ ಕಾಣಿಸುತ್ತದೆ. ಒಕ್ಕಲಿಗನ ಕಲ್ಯಾಣದ ಸುತ್ತ ಬೆಳೆದು ನಿಂತ ಜೋಳದ ಹೊಲಗಳಿರುತ್ತವೆ. ನೇಕಾರನ ಕಲ್ಯಾಣದ ಓಣಿಗಳಲ್ಲಿ ಮಗ್ಗದ ಸದ್ದಿರುತ್ತದೆ. ದೂರದ ಊರಿಗೆ ಸೊಸೆಯಾಗಿ ಬಂದ ಹೆಣ್ಣುಮಗಳ ಕಲ್ಯಾಣವು ಆಕೆಯ ತವರೂರನ್ನೇ ಹೋಲುತ್ತಿದ್ದರೆ ಆಶ್ಚರ್ಯವಿಲ್ಲ. ಇವೆಲ್ಲ ಅವರವರ ಸ್ವಂತ ಸೊತ್ತು. ಇವುಗಳಿಂದ ಕಾವ್ಯಕ್ಕೆ ಹಾನಿಯಿಲ್ಲ, ಕೇಳಿದವರಿಗೆ ಲಾಭವೇ ಉಂಟು. ಆದರೆ ಅದೇ ಪುರಾಣವು ಸಚಿತ್ರ ಗ್ರಂಥವಾಗಿ ಅಚ್ಚಾದಾಗ ಪರಿಸ್ಥಿತಿ ಬೇರೆಯಾಗುತ್ತದೆ. ಒಬ್ಬ ಚಿತ್ರಕಾರನ ಒಳಗಣ್ಣಿಗೆ ಕಂಡದ್ದು ಸಾವಿರಾರು ಮಂದಿಯ ಕಣ್ಣಿಗೆ ಕಟ್ಟುತ್ತದೆ. ಅವರವರ ಸ್ವಂತ ಚಿತ್ರಗಳು ಮೆಲ್ಲಮೆಲ್ಲನೆ ಮಾಸಿಹೋಗುತ್ತವೆ.

ಇದು ಬರಿಯ ಊಹೆಯಲ್ಲ. 1894ರಲ್ಲಿ ರಾಜಾ ರವಿವರ್ಮನು ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದ ಮೇಲೆ ಸರಸ್ವತಿ ಲಕ್ಷ್ಮಿಯರ ಚಿತ್ರಗಳು ಮನೆಮನೆಯ ಗೋಡೆಯನ್ನು ಸೇರಿದವು. ಅಲ್ಲಿಂದೀಚೆಗೆ ಹುಟ್ಟಿದವರಿಗೆ ಆ ಮುಖಗಳನ್ನು ಬಿಟ್ಟು ಆ ದೇವತೆಗಳನ್ನು ನೆನೆಯುವುದೇ ಕಷ್ಟವಾಯಿತು. ಫ್ರಾನ್ಸಿನ ಗುಸ್ತಾವ್ ದೊರೆ ಎಂಬ ಚಿತ್ರಕಾರನು ಇಟಲಿಯ ಮಹಾಕವಿ ದಾಂತೆಯ ಕಾವ್ಯದ ನರಕಭಾಗಕ್ಕೆ ಚಿತ್ರಗಳನ್ನು ಬರೆದು 1861ರಲ್ಲಿ ಸ್ವಂತ ಖರ್ಚಿನಿಂದ ಅಚ್ಚುಹಾಕಿಸಿದನು. ಇಂದಿಗೂ ಎಷ್ಟೋ ಓದುಗರು ದಾಂತೆಯ ನರಕವನ್ನು ದೊರೆಯ ಗೆರೆಗಳ ಮೂಲಕವೇ ಕಾಣುತ್ತಾರೆ. ಕವಿಯ ಮಾತನ್ನು ಓದದವನೂ ಚಿತ್ರವನ್ನು ನೋಡಿರುತ್ತಾನೆ. ಆದುದರಿಂದ ಹಿರಿಯ ಕಾವ್ಯಗಳ ಸನ್ನಿವೇಶಗಳಿಗೆ ರೂಪ ಕೊಡುವವನ ಧರ್ಮ ಯಾವುದು ಎಂಬ ಪ್ರಶ್ನೆಯು ಕೇವಲ ಕಲೆಯ ಪ್ರಶ್ನೆಯಲ್ಲ. ಅದು ನೀತಿಯ ಪ್ರಶ್ನೆ. ಶರಣರ ಎದುರು ಕುಳಿತು ಬರೆದ ಚಿತ್ರ ಒಂದಾದರೂ ನಮಗೆ ದೊರೆತಿಲ್ಲವಾಗಿ, ಶರಣಚರಿತೆಗಳಿಗೆ ಚಿತ್ರ ಬರೆಯುವವನಿಗೆ ಈ ಹೊಣೆ ಇನ್ನೂ ಹೆಚ್ಚಿನದು. ಈ ಪ್ರಶ್ನೆಗೆ ಉತ್ತರವನ್ನು ನಾನು ದೊಡ್ಡ ಚಿತ್ರಗಳಲ್ಲಿ ಹುಡುಕದೆ, ಓದುಗರು ಎಂದೂ ನೋಡದ ಅತಿ ಚಿಕ್ಕ ಚಿತ್ರಗಳಲ್ಲಿ ಹುಡುಕಬಯಸುತ್ತೇನೆ.

* * *

ಪುಸ್ತಕಕ್ಕೆ ಚಿತ್ರ ಬರೆಯುವವನು ಮೊದಲಿಗೇ ದೊಡ್ಡ ಹಾಳೆಯ ಮೇಲೆ ಕೈಯಿಡುವುದಿಲ್ಲ. ಒಂದು ಸಾಮಾನ್ಯ ಕಾಗದದ ಮೇಲೆ ಪುಟದ ಆಕಾರವನ್ನೇ ಹೋಲುವ, ಹೆಬ್ಬೆರಳಿಗಿಂತ ಹೆಚ್ಚು ದೊಡ್ಡದಲ್ಲದ ಎಂಟು ಹತ್ತು ಮನೆಗಳನ್ನು ಗೆರೆಯೆಳೆದುಕೊಳ್ಳುತ್ತಾನೆ. ಒಂದೊಂದು ಮನೆಯಲ್ಲಿಯೂ ಅದೇ ಸನ್ನಿವೇಶವನ್ನು ಒಂದೊಂದು ಬಗೆಯಾಗಿ ಪೆನ್ಸಿಲಿನಿಂದ ಗೀಚುತ್ತಾನೆ. ಇಂಥ ಗೀಚುಗಳಿಗೆ ಚಿತ್ರಕಾರರು ‘ಥಂಬ್‌ನೇಲ್’ ಎನ್ನುತ್ತಾರೆ. ಹೆಬ್ಬೆರಳಿನ ಉಗುರಿನಷ್ಟು ಎಂಬುದು ಅದರ ತಾತ್ಪರ್ಯ. ನಾವು ‘ಕಿರುಕರಡು’ ಎನ್ನೋಣ.

ಇಷ್ಟು ಚಿಕ್ಕದಾಗಿ ಏಕೆ ಬರೆಯಬೇಕು? ಅಷ್ಟು ಕಿರಿದಾದ ಜಾಗದಲ್ಲಿ ಕಣ್ಣಿನ ರೆಪ್ಪೆಯನ್ನಾಗಲಿ, ಮೂಗುತಿಯ ಹರಳನ್ನಾಗಲಿ, ಸೀರೆಯ ಅಂಚನ್ನಾಗಲಿ ಬರೆಯಲು ಬರುವುದಿಲ್ಲ. ಕೈಚಳಕವನ್ನು ಮೆರೆಯಲು ಅಲ್ಲಿ ಎಡೆಯೇ ಇಲ್ಲ. ಯಾರು ಎಲ್ಲಿ ನಿಂತಿದ್ದಾರೆ, ಯಾರು ದೊಡ್ಡವರು ಯಾರು ಚಿಕ್ಕವರು, ಬೆಳಕು ಯಾವ ಕಡೆಯಿಂದ ಬರುತ್ತಿದೆ, ಎಷ್ಟು ಜಾಗ ಬರಿದಾಗಿದೆ ಎಂಬ ನಾಲ್ಕೈದು ಮಾತುಗಳಷ್ಟೆ ಅಲ್ಲಿ ಉಳಿಯುತ್ತವೆ. ಸನ್ನಿವೇಶದ ಜೀವವೂ ಈ ನಾಲ್ಕೈದು ಮಾತುಗಳಲ್ಲೇ ಇದೆ. ಕಿರುಕರಡಿನಲ್ಲಿ ಸತ್ತಿರುವ ಚಿತ್ರವನ್ನು ಮುಂದೆ ಎಷ್ಟು ಬಣ್ಣ ಹಚ್ಚಿದರೂ ಬದುಕಿಸಲಾಗದು. ಕಥಾಪ್ರಸಂಗವನ್ನು ರಚಿಸುವವನು ಆರಂಭದಲ್ಲಿಯೇ ಅಂಗಾಂಗಗಳನ್ನು ಖಚಿತವಾಗಿ ತಿದ್ದಕೂಡದು, ಸಡಿಲವಾಗಿ ಗೀಚಿಕೊಂಡು ಚಲನೆಯನ್ನು ಹಿಡಿಯಬೇಕು ಎಂದು ಲಿಯೊನಾರ್ದೊ ದ ವಿಂಚಿಯು ತನ್ನ ಟಿಪ್ಪಣಿಗಳಲ್ಲಿ ಬುದ್ಧಿ ಹೇಳಿದ್ದಾನೆ. ತಿದ್ದಿ ಮುಗಿಸಿದ ಕೈಯನ್ನು ಅಳಿಸಲು ಮನಸ್ಸು ಬಾರದು. ಗೀಚಿದ ಕೈಯನ್ನು ಬಿಟ್ಟುಕೊಡುವುದು ಸುಲಭ.

ಹಲವನ್ನು ಏಕೆ ಬರೆಯಬೇಕು ಎಂಬುದು ಇನ್ನೂ ಮುಖ್ಯವಾದ ಮಾತು. ಮೊದಲ ಮೂರು ನಾಲ್ಕು ಕರಡುಗಳು ನಮ್ಮವಲ್ಲ. ಅವು ನಾವು ಕಂಡ ಕ್ಯಾಲೆಂಡರುಗಳದು, ಚಲನಚಿತ್ರಗಳದು, ನಾಟಕದ ಪರದೆಗಳದು. ‘ಅರಸನ ಆಸ್ಥಾನ’ ಎಂದೊಡನೆ ಕಂಬ, ಕಮಾನು, ಚಾಮರಗಳು ಕೈಗೆ ಬಂದುಬಿಡುತ್ತವೆ. ಕವಿ ಅವನ್ನು ಹೇಳಿದ್ದಾನೆಯೇ ಇಲ್ಲವೇ ಎಂದು ಕೈ ಕೇಳುವುದಿಲ್ಲ. ಅವುಗಳ ಹಿಂದೆ ಬರುವ ಒಂದೆರಡು ಕರಡುಗಳು ನಮ್ಮ ಅಹಂಕಾರದವು: ಹೀಗೆ ಬರೆದರೆ ನೋಡಿದವರು ಭಲೆ ಎಂದಾರು ಎಂಬ ಆಸೆಯವು. ಇವೆಲ್ಲ ಕೈಯಿಂದ ಇಳಿದು ಕಾಗದದ ಮೇಲೆ ಬಿದ್ದು ಬರಿದಾದ ಮೇಲೆ, ಏಳನೆಯದೋ ಎಂಟನೆಯದೋ ಕರಡಿನ ಹೊತ್ತಿಗೆ, ಚಿತ್ರಕಾರನು ಬೇರೆ ದಾರಿಯಿಲ್ಲದೆ ಮತ್ತೆ ಕಾವ್ಯವನ್ನು ತೆರೆದು ಓದುತ್ತಾನೆ. ನಿಜವಾದ ಕೆಲಸ ಆಗ ಆರಂಭವಾಗುತ್ತದೆ. ಹಾಗಾಗಿ ಕಿರುಕರಡು ಎಂಬುದು ಒಂದು ಬಗೆಯ ಆತ್ಮಶೋಧನೆ. ನನ್ನದಲ್ಲದುದನ್ನೂ, ನನ್ನದೆಂಬುದನ್ನೂ ಕಳೆದುಕೊಂಡು, ಕವಿಯ ಮಾತಿಗೆ ಕಿವಿಗೊಡುವ ಸಾಧನೆ.

* * *

ಕವಿಗೆ ಕಾಲವೆಲ್ಲ ಇದೆ; ಚಿತ್ರಕಾರನಿಗೆ ಒಂದೇ ಒಂದು ಗಳಿಗೆ ಇದೆ. ಆ ಗಳಿಗೆ ಯಾವುದಾಗಿರಬೇಕು? ಜರ್ಮನಿಯ ವಿಮರ್ಶಕನಾದ ಲೆಸ್ಸಿಂಗನು 1766ರಲ್ಲಿ ಪ್ರಕಟಿಸಿದ ‘ಲಾವೊಕೂನ್’ ಎಂಬ ಗ್ರಂಥದಲ್ಲಿ ಇದನ್ನು ದೀರ್ಘವಾಗಿ ವಿಚಾರಿಸಿದ್ದಾನೆ. ಭಾವವು ತುತ್ತತುದಿಗೆ ಮುಟ್ಟಿದ ಗಳಿಗೆಯನ್ನು ಚಿತ್ರಿಸಬಾರದು ಎಂಬುದು ಅವನ ಮತ. ತುದಿಯನ್ನು ಕಂಡ ಮೇಲೆ ನೋಡುವವನ ಕಲ್ಪನೆಗೆ ಏರಲು ಮೆಟ್ಟಿಲಿಲ್ಲ. ಮೀಡಿಯಾ ಎಂಬ ತಾಯಿ ತನ್ನ ಮಕ್ಕಳನ್ನೇ ಕೊಂದ ಗ್ರೀಕ್ ಕಥೆಯನ್ನು ಚಿತ್ರಿಸುವಾಗ ತಿಮೋಮಾಕಸ್ ಎಂಬ ಪ್ರಾಚೀನ ಚಿತ್ರಕಾರನು ಕೊಲೆಯನ್ನು ಬರೆಯಲಿಲ್ಲ. ಕೊಲೆಗೆ ತುಸು ಮುಂಚೆ, ತಾಯ್ತನವೂ ರೋಷವೂ ಆಕೆಯ ಒಳಗೆ ಹೋರಾಡುತ್ತಿದ್ದ ಗಳಿಗೆಯನ್ನು ಬರೆದನು. ಲೆಸ್ಸಿಂಗನು ಅವನನ್ನು ಮೆಚ್ಚಿಕೊಂಡದ್ದು ಅದಕ್ಕಾಗಿಯೇ.

ಈ ಮಾತನ್ನು ನಮ್ಮ ರಾಘವಾಂಕನ ‘ಹರಿಶ್ಚಂದ್ರಕಾವ್ಯ’ಕ್ಕೆ ಹಿಡಿದು ನೋಡೋಣ. ಹರಿಶ್ಚಂದ್ರನ ಕಥೆಯ ಚಿತ್ರ ಎಂದರೆ ಎಲ್ಲರ ಕೈಯೂ ಒಂದೇ ಕಡೆಗೆ ಓಡುತ್ತದೆ: ಚಂದ್ರಮತಿಯ ಕೊರಳ ಮೇಲೆ ಎತ್ತಿದ ಕತ್ತಿ. ಎರಡನೆಯ ಕರಡಿನಲ್ಲಿ ವಿಶ್ವನಾಥನು ಪ್ರತ್ಯಕ್ಷನಾಗಿರುತ್ತಾನೆ. ಎರಡೂ ತಪ್ಪಲ್ಲ. ಆದರೆ ಮೊದಲನೆಯದು ಬೆದರಿಕೆಯಾಗಿ ನಿಲ್ಲುತ್ತದೆ, ಎರಡನೆಯದು ಬಹುಮಾನವಾಗಿ ನಿಲ್ಲುತ್ತದೆ. ಸತ್ಯವು ಭಯದಿಂದಲೋ ಫಲದಾಸೆಯಿಂದಲೋ ನಡೆಯುವ ವಸ್ತುವೆಂದು ಮಗು ತಿಳಿಯುವ ಅಪಾಯ ಎರಡರಲ್ಲಿಯೂ ಇದೆ. ಮತ್ತೆ ಕಾವ್ಯವನ್ನು ತೆರೆದರೆ ಇನ್ನೊಂದು ಗಳಿಗೆ ಸಿಕ್ಕುತ್ತದೆ. ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ತಾಯಿ ಇರುಳಿನಲ್ಲಿ ಸುಡುಗಾಡಿಗೆ ಹೊತ್ತು ತಂದಿದ್ದಾಳೆ. ಕಾವಲಿನವನು ಅಡ್ಡಬಂದು ಸುಡುವ ತೆರವನ್ನು ಕೇಳುತ್ತಾನೆ. ಹೆತ್ತ ಮಗನ ಹೆಣದ ಮುಂದೆ ತಂದೆಯು ಒಡೆಯನಿಗೆ ಸಲ್ಲಬೇಕಾದ ಕಾಸಿಗಾಗಿ ಕೈಚಾಚಿದ್ದಾನೆ. ಆ ಕೈಯನ್ನು ಬರೆಯುವುದು ಕತ್ತಿಯನ್ನು ಬರೆಯುವುದಕ್ಕಿಂತ ಎಷ್ಟೋ ಕಷ್ಟ. ಅಲ್ಲಿ ರಕ್ತವಿಲ್ಲ, ದೇವರ ಪ್ರಭೆಯಿಲ್ಲ. ಕೆಲಸಕ್ಕಿದ್ದವನೊಬ್ಬನ ಪ್ರಾಮಾಣಿಕತೆ ಮಾತ್ರ ಇದೆ. ಹೆಬ್ಬೆರಳಿನಷ್ಟು ಜಾಗದಲ್ಲಿ ಅದು ಕತ್ತಲೆಯಲ್ಲಿ ಚಾಚಿದ ಒಂದು ಸಣ್ಣ ಬಿಳಿಯ ಗೆರೆ, ಅಷ್ಟೆ. ನನ್ನ ಮಟ್ಟಿಗೆ ರಾಘವಾಂಕನ ಸತ್ಯವಿರುವುದು ಆ ಗೆರೆಯಲ್ಲಿ.

ಹೀಗೆ ಗಳಿಗೆಯನ್ನು ಆರಿಸುವುದರಲ್ಲಿ ಲೆಸ್ಸಿಂಗನ ಮಾತು ನಮಗೆ ಬಹಳ ದೂರ ದಾರಿ ತೋರಿಸುತ್ತದೆ. ಆದರೆ ಅದರ ಆಚೆಗೆ ಒಂದು ಪ್ರಶ್ನೆ ಉಂಟು. ಅದನ್ನು ನನಗೆ ಕಲಿಸಿದ್ದು ಗ್ರಂಥವಲ್ಲ, ನನ್ನದೇ ಒಂದು ತಪ್ಪು.

* * *

ಹಲವು ವರ್ಷಗಳ ಹಿಂದೆ ಶಾಲಾಮಕ್ಕಳಿಗಾಗಿ ಶರಣಚರಿತೆಗಳ ಒಂದು ಕಿರುಹೊತ್ತಗೆ ಸಿದ್ಧವಾಗುತ್ತಿತ್ತು. ಜಾತ್ರೆಯ ಹೊತ್ತಿಗೆ ಅದು ಹೊರಬರಬೇಕಾಗಿತ್ತು. ಚಿತ್ರಗಳ ಕೆಲಸ ನನ್ನ ಪಾಲಿಗೆ ಬಂದಿತು. ಅಕ್ಕಮಹಾದೇವಿಯು ಕೌಶಿಕನ ಅರಮನೆಯನ್ನು ತೊರೆದು ಹೊರಡುವ ಪ್ರಸಂಗಕ್ಕೆ ಚಿತ್ರ ಬೇಕಾಗಿತ್ತು. ಈ ಪ್ರಸಂಗದಲ್ಲಿ ಕವಿಗಳೇ ಏಕಮತದವರಲ್ಲವೆಂಬುದು ಓದುಗರಿಗೆ ತಿಳಿದೇ ಇದೆ. ಹರಿಹರನ ‘ಮಹಾದೇವಿಯಕ್ಕನ ರಗಳೆ’ಯಲ್ಲಿ ಮದುವೆ ನಡೆಯುತ್ತದೆ, ಕೌಶಿಕನು ಒಪ್ಪಿದ ಕರಾರುಗಳನ್ನು ಮುರಿದ ಮೇಲೆ ಅಕ್ಕನು ಹೊರಡುತ್ತಾಳೆ. ಚಾಮರಸನ ‘ಪ್ರಭುಲಿಂಗಲೀಲೆ’ಯು ಆ ಮದುವೆಯನ್ನು ಒಪ್ಪುವುದಿಲ್ಲ. ಎರಡು ಕಾವ್ಯಗಳಲ್ಲಿಯೂ ಕಡೆಗೆ ಆಕೆ ಅರಮನೆಯ ಸಂಪತ್ತನ್ನೂ ಉಟ್ಟ ಬಟ್ಟೆಯನ್ನೂ ಅಲ್ಲಿಯೇ ಬಿಟ್ಟು, ಕೇಶಾಂಬರೆಯಾಗಿ ನಡೆದುಬಿಡುತ್ತಾಳೆ.

ಹನ್ನೆರಡು ಕಿರುಕರಡುಗಳನ್ನು ಬರೆದೆ. ನನಗೆ ನನ್ನ ಎಚ್ಚರಿಕೆಯ ವಿಷಯದಲ್ಲಿ ಹೆಮ್ಮೆಯಿತ್ತು. ಕೂದಲನ್ನು ನೀಳವಾಗಿ ಹರಿಯಬಿಟ್ಟಿದ್ದೆ. ಸಭ್ಯತೆಗೆ ಕುಂದು ಬರದಂತೆ ನೆರಳನ್ನು ಹಾಕಿದ್ದೆ. ಒಂದರಲ್ಲಿ ಕಂಬವನ್ನು ಅಡ್ಡ ತಂದಿದ್ದೆ, ಇನ್ನೊಂದರಲ್ಲಿ ಆಕೆಯನ್ನು ಬೆನ್ನುಮಾಡಿ ನಿಲ್ಲಿಸಿದ್ದೆ. ಹಾಳೆಯನ್ನು ಪಾಠಶಾಲೆಯ ಹಿರಿಯ ಪಂಡಿತರೊಬ್ಬರಿಗೆ ತೋರಿಸಿದೆ. ಅವರಿಗೆ ಚಿತ್ರಕಲೆಯ ಶಾಸ್ತ್ರ ತಿಳಿಯದು, ಶೂನ್ಯಸಂಪಾದನೆ ಕಂಠಸ್ಥವಾಗಿತ್ತು. ಹನ್ನೆರಡನ್ನೂ ಬೆರಳಿಟ್ಟು ಒಂದೊಂದಾಗಿ ನೋಡಿದರು. ಬಹಳ ಹೊತ್ತಿನ ಮೇಲೆ ಕೇಳಿದರು:

“ತಮ್ಮಾ, ಇದನ್ನ ನಿಂತು ನೋಡಾಕತ್ತಾವ ಯಾರು?”

ನನಗೆ ಪ್ರಶ್ನೆ ಅರ್ಥವಾಗಲಿಲ್ಲ. ನೋಡುವವನು ಓದುಗನಲ್ಲದೆ ಇನ್ನಾರು? ಅವರು ಮತ್ತೆ ಹೇಳಿದರು: “ಅಕ್ಕ ಹೊಂಟಾಳ. ಹೊಂಟಾಕಿನ್ನ ಅರಮನಿ ಒಳಗ ನಿಂತು ಹಿಂದಿನಿಂದ ನೋಡಾಂವ ಒಬ್ಬನ ಅದಾನ. ಅವ ಕೌಶಿಕ.”

ಹಾಳೆಯನ್ನು ಕೈಗೆ ತೆಗೆದುಕೊಂಡು ನೋಡಿದೆ. ಹನ್ನೆರಡು ಕರಡುಗಳಲ್ಲಿಯೂ ನೋಡುವವನು ಅರಮನೆಯ ಒಳಗೇ ನಿಂತಿದ್ದನು. ಕಂಬ, ನೆರಳು, ಕೂದಲು ಎಲ್ಲವನ್ನೂ ಬದಲಾಯಿಸಿದ್ದೆ; ನೋಡುವವನು ನಿಂತ ಜಾಗವನ್ನು ಮಾತ್ರ ಒಮ್ಮೆಯೂ ಬದಲಾಯಿಸಿರಲಿಲ್ಲ. ಆ ಹೊತ್ತಗೆಯನ್ನು ತೆರೆಯುವ ಪ್ರತಿಯೊಂದು ಮಗುವನ್ನೂ ನಾನು ಕೌಶಿಕನ ಜಾಗದಲ್ಲಿ ನಿಲ್ಲಿಸಿ, ಅವನ ಕಣ್ಣಿನಿಂದ ಅಕ್ಕನನ್ನು ನೋಡಲು ಕಲಿಸಲಿದ್ದೆ. ಸಭ್ಯತೆಯ ನೆರಳು ಎಷ್ಟಿದ್ದರೇನು? ನೋಟವೇ ಅವನದಾಗಿತ್ತು. ಆ ದಿನ ನನಗಾದ ನಾಚಿಕೆಯನ್ನು ನಾನು ಮರೆತಿಲ್ಲ.

ಚಿತ್ರವೆಂಬುದು ವಸ್ತುವನ್ನು ತೋರಿಸುವುದಷ್ಟೇ ಅಲ್ಲ, ನೋಡುವವನನ್ನು ಒಂದು ಕಡೆ ನಿಲ್ಲಿಸುತ್ತದೆ. ಎಲ್ಲಿ ನಿಲ್ಲಿಸುತ್ತೇವೆ ಎಂಬುದರಲ್ಲಿ ಚಿತ್ರದ ನೀತಿ ಅಡಗಿದೆ. ಕವಿಯು ಈ ಹೊಣೆಯನ್ನು ಮಾತಿನಿಂದ ನಿರ್ವಹಿಸುತ್ತಾನೆ; ಮಾತು ಕ್ಷಣಕ್ಕೊಮ್ಮೆ ಒಬ್ಬರ ಒಳಗಿನಿಂದ ಇನ್ನೊಬ್ಬರ ಒಳಗೆ ಹೋಗಿಬರಬಲ್ಲದು. ಚಿತ್ರಕ್ಕೆ ಆ ಸೌಕರ್ಯವಿಲ್ಲ. ಅದು ಒಂದು ಕಡೆ ನಿಂತರೆ ನಿಂತಿತು.

* * *

ಇದಕ್ಕೆ ಪರಿಹಾರವಾಗಿ ನೋಡಬಾರದುದನ್ನೆಲ್ಲ ಮರೆಮಾಡಿಬಿಡಬೇಕು ಎಂದು ಯಾರಾದರೂ ಹೇಳಬಹುದು. ಅದೂ ಸರಿಯಲ್ಲ. ಬೇಡರ ಕಣ್ಣಪ್ಪನ ಕಥೆಯನ್ನು ನೆನೆಯೋಣ. ಶಿವಲಿಂಗದ ಒಂದು ಕಣ್ಣಿನಿಂದ ನೆತ್ತರು ಸುರಿದಾಗ ತನ್ನ ಕಣ್ಣನ್ನು ಕಿತ್ತಿಟ್ಟ ಆ ಮುಗ್ಧನು, ಎರಡನೆಯ ಕಣ್ಣಿನಲ್ಲಿಯೂ ನೆತ್ತರು ಕಂಡಾಗ, ತಾನು ಕುರುಡನಾದ ಮೇಲೆ ಜಾಗ ತಿಳಿಯದೆಂದು ತನ್ನ ಪಾದವನ್ನೇ ಲಿಂಗದ ಕಣ್ಣಿನ ಬಳಿ ಗುರುತಾಗಿ ಊರಿದನು. ಈ ಪ್ರಸಂಗವನ್ನು ಚಿತ್ರಿಸುವಾಗ ಕೈ ಎರಡು ಕಡೆಗೆ ಜಾರುತ್ತದೆ. ಒಂದು, ಬಾಣದ ಮೊನೆಗೂ ನೆತ್ತರಿಗೂ. ಆಗ ಭಕ್ತಿಯೆಂದರೆ ಗಾಯವೆಂದಾಗುತ್ತದೆ. ಇನ್ನೊಂದು, ಅಪಚಾರವಾದೀತೆಂಬ ಭಯದಿಂದ ಪಾದವನ್ನು ಮಸುಕುಮಾಡಿ, ಕೈಮುಗಿದ ಕಣ್ಣಪ್ಪನನ್ನು ಬರೆಯುವುದಕ್ಕೆ. ಆಗ ಕಥೆಯೇ ಇಲ್ಲವಾಗುತ್ತದೆ. ಆ ಪಾದದಲ್ಲಿ ತನ್ನ ನೋವಿನ ವಿಚಾರವಿಲ್ಲ, ಪೂಜಾವಿಧಿಯ ವಿಚಾರವಿಲ್ಲ. ಔಷಧ ತಪ್ಪು ಜಾಗಕ್ಕೆ ಬೀಳಬಾರದೆಂಬ ತಾಯಿಯ ಕಾಳಜಿಯಂಥದೊಂದು ಕಾಳಜಿ ಮಾತ್ರ ಇದೆ. ಶಿವನೇ ಸಹಿಸಿ ಮೆಚ್ಚಿದ ಪಾದವನ್ನು ಮುಚ್ಚಿಡಲು ಚಿತ್ರಕಾರನು ಯಾರು? ಕಥೆಗಿಂತ ಹೆಚ್ಚಿನ ಮಡಿವಂತಿಕೆಯನ್ನು ಅವನು ತೋರಬಾರದು.

ಈ ಕಥೆಯಲ್ಲಿ ನೋಡುವವನು ಯಾರೆಂಬುದನ್ನು ತಮಿಳಿನ ‘ಪೆರಿಯಪುರಾಣ’ವೇ ಹೇಳಿಬಿಟ್ಟಿದೆ. ನಿತ್ಯವೂ ಶಾಸ್ತ್ರೋಕ್ತವಾಗಿ ಪೂಜಿಸುತ್ತಿದ್ದ ಅರ್ಚಕನಿಗೆ ಶಿವನು ಕನಸಿನಲ್ಲಿ ಬಂದು, ಮರೆಯಲ್ಲಿ ನಿಂತು ನೋಡೆಂದು ಅಪ್ಪಣೆ ಕೊಡುತ್ತಾನೆ. ಮಾಂಸದ ನೈವೇದ್ಯವನ್ನು ಕಂಡು ಹೇಸಿದ್ದ ಆ ಮಡಿವಂತನೇ ಈ ದೃಶ್ಯದ ಸಾಕ್ಷಿ. ಆದುದರಿಂದ ಓದುಗನನ್ನು ಅವನ ಜಾಗದಲ್ಲಿ ನಿಲ್ಲಿಸುವುದು ಕಥೆಗೆ ಒಪ್ಪುತ್ತದೆ: ಲಿಂಗದ ಹಿಂದೆ, ಕತ್ತಲೆಯಲ್ಲಿ, ಎದುರಿನಿಂದ ಆ ಪಾದವು ತನ್ನತ್ತಲೇ ಬರುತ್ತಿರುವಂತೆ. ಮೊದಲು ಹೌಹಾರುವುದು, ಆಮೇಲೆ ತಲೆತಗ್ಗಿಸುವುದು, ಎರಡೂ ಆಗ ಓದುಗನ ಪಾಲಿಗೆ ಬರುತ್ತವೆ.

ಹೀಗಾಗಿ ಮುಚ್ಚುವುದೇ ಧರ್ಮ, ತೆರೆಯುವುದೇ ಧರ್ಮ ಎಂಬ ಸೂತ್ರ ಯಾವುದೂ ಇಲ್ಲ. ಗ್ರೀಕ್ ಚಿತ್ರಕಾರ ತಿಮಾಂತಿಸ್ ಎಂಬವನು ಇಫಿಜೀನಿಯಾ ಎಂಬ ಕನ್ಯೆಯ ಬಲಿಯನ್ನು ಚಿತ್ರಿಸುವಾಗ ಸುತ್ತ ನಿಂತವರ ಮುಖಗಳಲ್ಲೆಲ್ಲ ದುಃಖವನ್ನು ಬರೆದು, ತಂದೆಯ ಮುಖವನ್ನು ಮಾತ್ರ ಮುಸುಕಿನಿಂದ ಮುಚ್ಚಿದನಂತೆ. ಆ ದುಃಖವನ್ನು ಬರೆಯಲು ಅವನ ಕುಂಚಕ್ಕೆ ಶಕ್ತಿ ಸಾಲಲಿಲ್ಲವೆಂದು ಕೆಲವರು ಬಗೆದರು. ಅತಿಶಯವಾದ ದುಃಖ ಮುಖವನ್ನು ವಿಕಾರಗೊಳಿಸುವುದರಿಂದ ಸೌಂದರ್ಯದ ಸಲುವಾಗಿ ಮುಚ್ಚಿದನೆಂದು ಲೆಸ್ಸಿಂಗನು ವಾದಿಸಿದನು. ನನಗೆ ಮೂರನೆಯ ಕಾರಣವೊಂದು ತೋರುತ್ತದೆ. ಮಗಳನ್ನು ಕಳೆದುಕೊಳ್ಳುತ್ತಿರುವ ತಂದೆಯ ಮುಖವನ್ನು ದಿಟ್ಟಿಸಿ ನೋಡುವ ಹಕ್ಕು ನಮಗಿಲ್ಲ. ಆ ಮುಸುಕು ಕರುಣೆಯದು.

* * *

ಅಕ್ಕನ ಚಿತ್ರಕ್ಕೆ ದಾರಿ ತೋರಿದ್ದು ಅಕ್ಕನೇ. ಶೂನ್ಯಸಂಪಾದನೆಯಲ್ಲಿ ಬರುವ ಪ್ರಸಂಗ ಸುಪ್ರಸಿದ್ಧವಾದುದು. ಕಲ್ಯಾಣದ ಅನುಭವಮಂಟಪಕ್ಕೆ ಬಂದ ಅಕ್ಕನನ್ನು ಅಲ್ಲಮಪ್ರಭುಗಳು ನಿಷ್ಠುರವಾಗಿ ಪರೀಕ್ಷಿಸುತ್ತಾರೆ. ಬಟ್ಟೆಯನ್ನು ಬಿಟ್ಟವಳು ಕೂದಲಿನಿಂದ ಮೈಯನ್ನು ಮರೆಮಾಡಿಕೊಳ್ಳುವುದೇಕೆ ಎಂಬುದು ಆ ಪರೀಕ್ಷೆಯ ಒಂದು ಪ್ರಶ್ನೆ. ಆ ಮರೆ ತನಗಾಗಿ ಅಲ್ಲ, ನೋಡುವವರಿಗೆ ನೋವಾಗದಿರಲಿ ಎಂದು, ಎಂಬುದು ಆಕೆ ಕೊಟ್ಟ ಉತ್ತರದ ತಾತ್ಪರ್ಯ. ಈ ಉತ್ತರವನ್ನು ಚಿತ್ರಕಾರನು ಮತ್ತೆ ಮತ್ತೆ ಮನನ ಮಾಡಬೇಕು. ತನ್ನ ಮೈಯ ಬಗೆಗೆ ಆಕೆಗೆ ನಾಚಿಕೆಯಿರಲಿಲ್ಲ. ಇನ್ನೊಬ್ಬರ ಕಣ್ಣಿನ ಬಗೆಗೆ ಕಾಳಜಿಯಿತ್ತು. ನೋಡುವವರ ಹಿತವನ್ನು ನೋಟಕ್ಕೆ ಗುರಿಯಾದವಳೇ ವಹಿಸಿಕೊಂಡಳು. ಎಂಟುನೂರು ವರ್ಷಗಳ ಹಿಂದೆ ಆಕೆ ಹೊತ್ತ ಹೊಣೆಯ ಒಂದಂಶವನ್ನಾದರೂ ಆಕೆಯ ಚಿತ್ರ ಬರೆಯುವವನು ಹೊರಬೇಡವೆ?

ಮತ್ತೆ ಕರಡುಗಳನ್ನು ಬರೆಯಲು ಕುಳಿತೆ. ಒಂದರಲ್ಲಿ ಬರಿದಾದ ಅರಮನೆಯ ಹೊಸ್ತಿಲು, ಅದರ ಮೇಲೆ ಬಿದ್ದ ಬಟ್ಟೆ ಆಭರಣಗಳು, ಅಕ್ಕನಿಲ್ಲ. ಅದು ಅಂದವಾಗಿತ್ತು. ಆದರೆ ಆಕೆ ಅಷ್ಟು ಧೈರ್ಯದಿಂದ ಇಟ್ಟ ಹೆಜ್ಜೆಯನ್ನೇ ಅದು ನುಂಗಿಹಾಕಿತು. ಕಣ್ಣಪ್ಪನ ಪಾದವನ್ನು ಅಳಿಸಿದ ಹಾಗಾಯಿತು. ಇನ್ನೊಂದರಲ್ಲಿ ಬಾಗಿಲಲ್ಲಿ ನಿಂತು ಕೈಮುಗಿಯುವ ದಾಸಿಯೊಬ್ಬಳನ್ನು ತಂದು, ಆಕೆಯ ಕಣ್ಣಿನಿಂದ ನೋಡಿದೆ. ಅದು ಮನಸ್ಸಿಗೆ ಬಹಳ ಹಿಡಿಸಿತು. ಆದರೆ ಕವಿ ಹೇಳದ ವ್ಯಕ್ತಿಯನ್ನು ನನ್ನ ಅನುಕೂಲಕ್ಕಾಗಿ ಕಥೆಯೊಳಗೆ ನುಗ್ಗಿಸಿದ್ದೆ. ನಾಳೆ ಮಕ್ಕಳು ಆ ದಾಸಿಯ ಹೆಸರೇನೆಂದು ಕೇಳಿದರೆ ಏನು ಹೇಳಲಿ? ಅದನ್ನೂ ಬಿಟ್ಟೆ.

ಕೊನೆಗೆ ನೋಡುವವನನ್ನು ಅರಮನೆಯಿಂದ ಹೊರಗೆ ತಂದು, ದಾರಿಯ ಮೇಲೆ, ಬಹಳ ಮುಂದೆ ನಿಲ್ಲಿಸಿದೆ. ಪುಟದ ತುಂಬ ದಾರಿ ಮತ್ತು ಆಕಾಶ. ದೂರದಲ್ಲಿ ಕಡ್ಡಿಪೆಟ್ಟಿಗೆಯಷ್ಟು ಅರಮನೆ. ಅದರ ಬಾಗಿಲಿನಲ್ಲಿ ಚುಕ್ಕೆಯಾಗಿ ಕೌಶಿಕ. ಅಲ್ಲಿಂದ ನಮ್ಮತ್ತ ನಡೆದುಬರುತ್ತಿರುವ, ಅಕ್ಕಿಕಾಳಿನಷ್ಟು ಎತ್ತರದ ಒಂದು ಕಪ್ಪು ಗೆರೆ. ಅಷ್ಟು ಚಿಕ್ಕದರಲ್ಲಿ ದೇಹವಿಲ್ಲ, ನಡಿಗೆ ಮಾತ್ರ ಇದೆ. ದೊಡ್ಡ ಹಾಳೆಗೆ ಏರಿಸುವಾಗ ಆಕೆಯನ್ನು ದೊಡ್ಡದಾಗಿ ಬರೆಯುವ ಆಸೆ ಬಂದಿತು. ಬರೆದರೆ ದೇಹ ಮರಳಿ ಬರುತ್ತಿತ್ತು. ಕರಡಿನಲ್ಲಿ ಇದ್ದಷ್ಟೇ ಪ್ರಮಾಣದಲ್ಲಿ ಉಳಿಸಿದೆ. ಈಗ ನೋಡುವವರು ಯಾರು? ಆಕೆಯನ್ನು ಎದುರುಗೊಳ್ಳಲು ಕಾದುನಿಂತವರು. ಕಲ್ಯಾಣದ ಶರಣರು. ಮಗುವನ್ನು ನಾನು ಅವರ ಸಾಲಿನಲ್ಲಿ ನಿಲ್ಲಿಸಬಲ್ಲೆನಾದರೆ ಸಾಕು ಎನಿಸಿತು.

* * *

ಈ ಚಿತ್ರದಿಂದ ಎಲ್ಲರಿಗೂ ಸಮಾಧಾನವಾಯಿತೆಂದು ಹೇಳಲಾರೆ. ಹೊತ್ತಗೆ ಹೊರಬಂದ ಮೇಲೆ ಹಿರಿಯ ಭಕ್ತರೊಬ್ಬರು ನೊಂದುಕೊಂಡರು. ‘ಕೈಮುಗಿಯಬೇಕೆಂದರೆ ಅಕ್ಕನ ಮುಖವೇ ಇಲ್ಲವಲ್ಲ’ ಎಂಬುದು ಅವರ ನೋವು. ಇದು ಹಗುರವಾಗಿ ತೆಗೆದುಹಾಕುವ ಮಾತಲ್ಲ. ಭಕ್ತಿಗೆ ಆಸರೆ ಬೇಕು. ಸ್ಥಾವರವನ್ನು ನಿರಾಕರಿಸಿದ ಶರಣರೂ ಕುರುಹನ್ನು ನಿರಾಕರಿಸಲಿಲ್ಲ. ಅಂಗೈಯಲ್ಲಿ ಹಿಡಿಯುವ ಇಷ್ಟಲಿಂಗವನ್ನು ಕೊಟ್ಟರು. ಆದರೆ ಆ ಕುರುಹು ಯಾವುದರ ಮುಖವನ್ನೂ ಹೋಲುವುದಿಲ್ಲ ಎಂಬುದನ್ನು ಗಮನಿಸಬೇಕು. ಅದು ದೃಷ್ಟಿಯನ್ನು ತನ್ನಲ್ಲಿಯೇ ಕಟ್ಟಿಹಾಕುವುದಿಲ್ಲ; ಒಳಕ್ಕೆ ತಿರುಗಿಸುತ್ತದೆ. ಕುರುಹು ಅರಿವಿಗೆ ದಾರಿಯಾಗಬೇಕು, ಅಡ್ಡವಾಗಬಾರದು. ಕಾವ್ಯದ ಚಿತ್ರಕ್ಕೂ ಇದೇ ಒರೆಗಲ್ಲು: ನೋಡಿದ ಮೇಲೆ ಕಾವ್ಯವನ್ನು ಮತ್ತೆ ಓದಬೇಕೆನ್ನಿಸುತ್ತದೆಯೇ, ಅಥವಾ ಇನ್ನು ಓದುವ ಅಗತ್ಯವಿಲ್ಲವೆನ್ನಿಸುತ್ತದೆಯೇ?

ಮುಖವನ್ನು ಬರೆಯದೆ ಮಹಿಮರನ್ನು ನೆನೆಯುವ ಕಲೆ ನಮ್ಮ ದೇಶಕ್ಕೆ ಹೊಸದಲ್ಲ. ಸಾಂಚಿ ಮತ್ತು ಭಾರ್ಹುತದ ಪ್ರಾಚೀನ ಶಿಲ್ಪಿಗಳು ಬುದ್ಧನ ಜೀವನದ ಪ್ರಸಂಗಗಳನ್ನು ಕಡೆಯುವಾಗ ಬುದ್ಧನಿರಬೇಕಾದ ಕಡೆ ಬರಿಯ ಆಸನವನ್ನೋ, ಪಾದದ ಗುರುತನ್ನೋ, ಚಕ್ರವನ್ನೋ ಇಟ್ಟರು. ಸುತ್ತಲಿನವರೆಲ್ಲ ಆ ಬರಿದಾದ ಎಡೆಗೆ ಕೈಮುಗಿದು ನಿಂತಿದ್ದಾರೆ. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯ ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿಯೂ ಬುದ್ಧಪಾದಗಳನ್ನು ಕಡೆದ ಶಿಲಾಫಲಕಗಳು ದೊರೆತಿವೆ. ಅನುಭವಮಂಟಪದ ಶೂನ್ಯಸಿಂಹಾಸನವನ್ನು ಚಿತ್ರಿಸಹೊರಟವನಿಗೆ ಈ ಶಿಲ್ಪಿಗಳಿಗಿಂತ ಒಳ್ಳೆಯ ಗುರುಗಳಿಲ್ಲವೆಂದು ನನ್ನ ನಂಬಿಕೆ. ಅಲ್ಲಮಪ್ರಭುಗಳ ಮೂಗು ಹೇಗಿತ್ತು, ಗಡ್ಡವಿತ್ತೇ ಇಲ್ಲವೇ ಎಂದು ತಲೆಕೆಡಿಸಿಕೊಳ್ಳುವುದಕ್ಕಿಂತ, ಕೇಳುತ್ತ ಕುಳಿತವರ ಬಾಗಿದ ಬೆನ್ನುಗಳನ್ನು ಬರೆದರೆ ಪ್ರಭುವಿನ ಸನ್ನಿಧಿ ತಾನಾಗಿಯೇ ತಿಳಿಯುತ್ತದೆ.

ಶಿಕ್ಷಕರಾಗಿರುವ ಮಠದ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿಯಿದೆ. ಶರಣರ ಕಥೆಯನ್ನೋ ಹಳಗನ್ನಡ ಕಾವ್ಯದ ಪ್ರಸಂಗವನ್ನೋ ಪಾಠ ಮಾಡಿದ ದಿನ ಮಕ್ಕಳಿಗೆ ಅಚ್ಚಾದ ಚಿತ್ರವನ್ನು ಮೊದಲೇ ತೋರಿಸಬೇಡಿರಿ. ಒಂದು ಕಾಗದವನ್ನು ಎಂಟಾಗಿ ಮಡಿಸಿ, ಎಂಟು ಮನೆಗಳಲ್ಲಿ ಅದೇ ಪ್ರಸಂಗವನ್ನು ಎಂಟು ಬಗೆಯಾಗಿ ಗೀಚಲು ಹೇಳಿರಿ. ಚಿತ್ರ ಚೆನ್ನಾಗಿರಬೇಕಾಗಿಲ್ಲ, ಕಡ್ಡಿಯಂಥ ಮನುಷ್ಯರು ಸಾಕು. ಆಮೇಲೆ ಆ ಪಂಡಿತರು 나ನ್ನನ್ನು ಕೇಳಿದ ಪ್ರಶ್ನೆಯನ್ನೇ ಅವರನ್ನೂ ಕೇಳಿರಿ. ಎಲ್ಲಿ ನಿಂತು ನೋಡುತ್ತಿದ್ದೇನೆ ಎಂಬ ಎಚ್ಚರ ಕಾವ್ಯವನ್ನು ಓದುವಾಗ ಹುಟ್ಟಿದರೆ, ನೆರೆಮನೆಯ ಜಗಳವನ್ನು ನೋಡುವಾಗಲೂ, ಬೀದಿಯಲ್ಲಿ ನಡೆದುಹೋಗುವ ಹೆಣ್ಣುಮಗಳನ್ನು ನೋಡುವಾಗಲೂ, ಬಡವನು ಕೈಚಾಚಿದ್ದನ್ನು ನೋಡುವಾಗಲೂ ಅದು ಜೊತೆಗಿದ್ದೀತು.

ಆ ಹೊತ್ತಗೆಯನ್ನು ಓದಿದ ಒಬ್ಬ ಹುಡುಗಿ ಶಾಲೆಯಲ್ಲಿ ನನ್ನನ್ನು ಕೇಳಿದ್ದುಂಟು: “ಅಕ್ಕನ ಮಾರಿ ಯಾಕ ಕಾಣಸೂದಿಲ್ರಿ ಸರ್?”

“ಇನ್ನೂ ದೂರ ಅದಾಳವ್ವಾ,” ಎಂದೆ. ಆಕೆ ಪುಟವನ್ನು ಕಣ್ಣಿನ ಹತ್ತಿರ ಹಿಡಿದು ಮತ್ತೊಮ್ಮೆ ನೋಡಿದಳು. ಆಮೇಲೆ ಪಕ್ಕದ ಪುಟದ ಕಥೆಯನ್ನು ಮೊದಲಿನಿಂದ ಓದತೊಡಗಿದಳು. ಚಿತ್ರ ಬರೆಯುವವನಿಗೆ ಅದಕ್ಕಿಂತ ಹೆಚ್ಚಿನ ಫಲ ಬೇಕಿಲ್ಲ.